ಕರೆಂಟು ಹೋಗೋ ಊರಲ್ಲೇ ಆಕ್ಸಿಜನ್ ಮಗು ಸಾಕಿದೆವು

"ತಿಪಟೂರು ಕಡೆ ಹಳ್ಳಿಗಾ? ಬೆಂಗಳೂರಲ್ಲೇ ಬಾಡಿಗೆ ಮನೆ ಮಾಡಿ" ಅಂದವರೇ ಎಲ್ಲ. ನಮ್ಮ ಭಾವಮೈದ ಮನೆಯನ್ನೂ ನೋಡಿಬಿಟ್ಟಿದ್ದ. ಮಗಳು 28 ವಾರಕ್ಕೇ ಹುಟ್ಟಿದ್ದು, 980 ಗ್ರಾಂ. ಮನೆಗೆ ಬಂದಾಗ ಎರಡು ಕೆಜಿ ಚಿಲ್ಲರೆ, ಮೂಗಲ್ಲಿ ಪ್ರಾಂಗ್ಸ್ (ಆಕ್ಸಿಜನ್ ಬಿಡೋ ಸಣ್ಣ ಕವಲು ಪೈಪು), ನಿಮಿಷಕ್ಕೆ ಕಾಲು ಲೀಟರ್ ಆಕ್ಸಿಜನ್. ಹೋದ ವಾರ ಡಾಕ್ಟ್ರು ಅದನ್ನೂ ಬಿಡಿಸಿದರು. ಅದಕ್ಕೇ ಬರೀತಿದ್ದೀನಿ.

ಮನೆಯ ಹಳೇ ಇನ್ವರ್ಟರ್ ಸಾಕು ಅಂದುಕೊಂಡಿದ್ದು ನನ್ನ ತಪ್ಪು. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸೋ ಮಿಷನ್, ಕಾನ್ಸಂಟ್ರೇಟರ್, ಓಡುವಾಗ 350 ವ್ಯಾಟ್ ಆಸುಪಾಸು, ಆದರೆ ಕಂಪ್ರೆಸರ್ ಶುರುವಾಗೋ ಏಟಿಗೆ ಇನ್ವರ್ಟರ್ ಟ್ರಿಪ್. ಎರಡನೇ ರಾತ್ರಿ ಒಂದೂವರೆಗೆ ಕರೆಂಟು ಹೋಯ್ತು. ಮಿಷನ್ ಕೂಗಿಕೊಳ್ತಿದೆ, ನಾನು ಮೊಬೈಲ್ ಬೆಳಕಲ್ಲಿ ಮಂಚದ ಕೆಳಗೆ ಆಕ್ಸಿಜನ್ ಸಿಲಿಂಡರ್ ತೆರೆಯೋ ಕೀ ಹುಡುಕ್ತಿದ್ದೀನಿ. ಮಾರನೇ ದಿನವೇ ಕೀಗೆ ದಾರ ಪೋಣಿಸಿ ಸಿಲಿಂಡರ್ ಕತ್ತಿಗೆ ಕಟ್ಟಿದೆ.

ರೇಟಿಗೆ ಕಾಯದೆ ಅಟ್ಟದ ಮೇಲಿನ ಕೊಬ್ಬರಿ ಮಾರಿದೆ. ದೊಡ್ಡ ಇನ್ವರ್ಟರು, ಎರಡು ಬ್ಯಾಟರಿ ಸೇರಿ 45 ಸಾವಿರ ಇರಬೇಕು. ಸೆಕೆಂಡ್ ಹ್ಯಾಂಡ್ ಕಾನ್ಸಂಟ್ರೇಟರ್ 30 ಸಾವಿರ. ಸ್ಟೆಬಿಲೈಸರ್ ಬೇರೆ, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಂದಾಗ ನಮ್ಮಲ್ಲಿ ವೋಲ್ಟೇಜ್ ಬಿದ್ದೇ ಹೋಗುತ್ತೆ. ಆಮೇಲೆ ಗೊತ್ತಾಗಿದ್ದು: ಆಕ್ಸಿಜನ್ ತೀರಾ ಸಣ್ಣಗೆ ಬಿಡೋ ಲೋ ಫ್ಲೋ ಮೀಟರ್ ಹಾಕಿದರೆ, ಬಿ ಟೈಪ್ ಅನ್ನೋ ಸೈಜಿನ ತುಂಬಿದ ಸಿಲಿಂಡರ್ ಕಾಲು ಲೀಟರಿಗೆ ನಾಲ್ಕು ದಿನದ ಹತ್ತಿರ ಬರುತ್ತೆ. ಮೊದಲೇ ಲೆಕ್ಕ ಹಾಕಿದ್ದರೆ ಅರ್ಧ ದುಡ್ಡು ಉಳೀತಿತ್ತು.

ಆದರೆ ನಮ್ಮನ್ನು ದಡ ಹತ್ತಿಸಿದ್ದು ಅವ್ವ. ಮೊದಲ ತಿಂಗಳು ನಾವಿಬ್ಬರೇ ರಾತ್ರಿ ಕಾದು, ಹೆಂಡತಿಗೆ ಹಾಲೇ ಕಮ್ಮಿಯಾಯ್ತು. ಅವ್ವನಿಗೆ ಪಾಳಿ ಕೊಡೋಣ ಅಂದರೆ "ಅಕ್ಷರ ಬರದವರು ಆಕ್ಸಿಮೀಟರ್ ಹೇಗೆ ನೋಡ್ತಾರೆ" ಅಂತ ನರ್ಸಮ್ಮನೂ ಒಪ್ಪಲಿಲ್ಲ. ಆಕ್ಸಿಮೀಟರ್ ಅಂದರೆ ರಕ್ತದ ಆಕ್ಸಿಜನ್ ಎಷ್ಟಿದೆ ಅಂತ ತೋರಿಸೋದು. ಆದರೂ ಅವ್ವನಿಗೇ ಪಾಳಿ ಕೊಟ್ಟೆವು. ನಾನು ನಂಬರ್ 92ಕ್ಕೆ ಇಳಿದರೆ ಕೂಗೋ ಹಾಗೆ ಅಲಾರಂ ಇಟ್ಟು, ಮಗು ಕಾಲು ಒದ್ದು ಅದು ಸುಮ್ಮನೆ ಕೂಗಿದಾಗಲೆಲ್ಲ ಬೆಚ್ಚಿ ಏಳ್ತಿದ್ದೆ. ಅವ್ವ ಅಲಾರಂ ಹೊಡೆದರೆ ಮೊದಲು ಅಂಗಿ ಎತ್ತಿ ಪಕ್ಕೆ ಸೆಳೀತಿದೆಯಾ ನೋಡೋಳು, ಆಮೇಲೆ ಮೂಗಿನ ಹೊಳ್ಳೆ, ತುಟಿ, ಕೊನೆಗೆ ಆಕ್ಸಿಮೀಟರಿನ ಪ್ರೋಬು (ಮೈಗೆ ಹಾಕೋ ಸೆನ್ಸರು) ಸರಿದಿದೆಯಾ ಅಂತ. ಹತ್ತರಿಂದ ಎರಡು ಅವಳ ಪಾಳಿ, ಎರಡರಿಂದ ಆರು ನಂದು. ಹೆಂಡತಿ ಹಾಲು ತೆಗೆಯೋಕೆ ಮಾತ್ರ ಏಳಬೇಕು. ಒಂದು ಸಲ ನಂಬರ್ 95 ಇರುವಾಗಲೇ "ಯಾಕೋ ಪಕ್ಕೆ ಎಳೀತಿದೆ ಕಣಪ್ಪಾ" ಅಂತ ಎಬ್ಬಿಸಿದಳು. ಬೆಳಗಾಗೋದರಲ್ಲಿ ಆಸ್ಪತ್ರೆಯಲ್ಲಿದ್ದೆವು, ನ್ಯುಮೋನಿಯಾ.

ಮಿಷನ್ನನ್ನು ಪಡಸಾಲೆಗೆ ಹಾಕಿ ಉದ್ದ ಪೈಪ್ ಎಳೆದು ನೋಡಿದೆ. ಸದ್ದು ಹೋಯ್ತು, ಪೈಪಲ್ಲಿ ನೀರು ನಿಂತಿತು. ವಾಪಸ್ ತಂದೆ. ಆಕ್ಸಿಜನ್ ಹತ್ತಿರ ಬೆಂಕಿ ಬೇಡ ಅಂತ ದೀಪ, ಸಾಂಬ್ರಾಣಿ ಮಾತ್ರ ಆ ಕೋಣೆ ಹೊಸಿಲು ದಾಟಲಿಲ್ಲ. ಡಾಕ್ಟ್ರು ಸರಿ ಅಂದ ಮೇಲೆ ಹಾಲನ್ನು ಟ್ಯೂಬಿನಲ್ಲಿ ಕೊಡೋದು ಬಿಟ್ಟು ಒಳಲೆಗೆ ಬಂದೆವು, 5 ಎಂಎಲ್ ಕುಡಿಸೋಕೆ ಅರ್ಧ ಗಂಟೆ. ಪ್ರಾಂಗ್ಸ್ ಕೀಳದಂತೆ ಅವ್ವ ಬಟ್ಟೆಯಲ್ಲಿ ಮಾಡಿದ ಉಪಾಯ ಒಂದಿದೆ. ಮಗುವನ್ನು ನೋಡದೆ ಹೇಳುವಂಥದ್ದಲ್ಲ, ಬರೆಯಲ್ಲ.

ಚಳಿಗಾಲ ಕಳೆಯೋವರೆಗೆ ಮಿಷನ್ ಮಾರಬೇಡಿ ಅಂದಿದ್ದಾರೆ. ಭಾನುವಾರ ಒಂದರ್ಧ ಗಂಟೆ ಓಡಿಸಿ ಇಡ್ತೀನಿ. ಆ ಸದ್ದಿಗೆ ಮಗಳು ಈಗಲೂ ನಿದ್ದೆ ಹೋಗ್ತಾಳೆ.