ಹಳೇ ಪದ್ಮಿನಿಗೆ ಹೊಸ ಕಾರ್ಪೆಟ್
ಮುಂಬೈಲಿ ಇನ್ನೂ ಪ್ರೀಮಿಯರ್ ಪದ್ಮಿನಿ ಕಾರು ಸಾಕ್ತಿರೋರಿಗೆ ಒಂದು ಮಾತು. ಹಳೇ ಕಾರ್ಪೆಟ್ ಕಿತ್ತು ಬಿಸಾಡಬೇಡಿ, ಅದೇ ನಿಮ್ಮ ಅಳತೆ. ಕಾರಿನ ಬಿಡಿಭಾಗದ ಅಂಗಡಿಗಳಿರೋ ಕುರ್ಲಾದ ಸಿಎಸ್‌ಟಿ ರಸ್ತೆಗೆ ಅದನ್ನೇ ಸುತ್ತಿ ಒಯ್ಯಿರಿ. ಅಂಗಡಿಯವನು ಅಡಿಗೆ ಸೆಣಬಿನ ಫೆಲ್ಟ್ (ದಪ್ಪ ನಾರಿನ ಹಾಸು) ಹಾಕ್ತೀನಿ ಅಂದ್ರೆ ಬೇಡ ಅನ್ನಿ. ಇಲ್ಲಿನ ಮಳೆಗಾಲದಲ್ಲಿ ನೀರು ಕುಡಿದು ಕೂತುಬಿಡುತ್ತೆ, ಕೆಳಗಿನ ತಗಡು ತುಕ್ಕು ಹಿಡಿದದ್ದು ಗೊತ್ತೇ ಆಗಲ್ಲ. (ನನಗೆ ಗೊತ್ತಾದದ್ದು ಹಿಮ್ಮಡಿ ತೂತಿಗೆ ಇಳಿದಾಗ!) ಮೊದಲು ತುಕ್ಕು ಉಜ್ಜಿ, ರೆಡ್ ಆಕ್ಸೈಡ್ (ತುಕ್ಕು ತಡೆಯೋ ಬಣ್ಣ) ಬಳಿದು ಪೂರ್ತಿ ಒಣಗಿಸಿ. ಹೊಸ ಕಾರ್ಪೆಟ್ ಸ್ವಲ್ಪ ಹೊತ್ತು ಬಿಸಿಲಿಗೆ ಹರಡಿದರೆ ಮಡಿಕೆ ಬಿಡುತ್ತೆ. ಕಾರಿನ ನೆಲದ ನಡುವಿನ ಉಬ್ಬಿನಿಂದ ಶುರುಮಾಡಿ ಬಾಗಿಲ ಕಡೆ ಒತ್ತುತ್ತಾ ಬನ್ನಿ. ಅಂಟು ಉಬ್ಬಿಗೆ ಮಾತ್ರ. ಉಳಿದದ್ದು ಎತ್ತಿ ಒಣಗಿಸೋ ಹಾಗಿರಲಿ. ಸೀಟಿನ ಬೋಲ್ಟ್ ತೂತಿಗೆ ಡ್ರಿಲ್ ಬೇಡ, ನೂಲು ಸುತ್ತಿಕೊಳ್ಳುತ್ತೆ. ಕಾಯಿಸಿದ ಮೊಳೆ ಸಾಕು.