ವರ್ಚುವಲ್ ಮಷೀನ್‌ನಲ್ಲಿ ಧ್ವನಿ ಬರುತ್ತಿಲ್ಲವೇ? ಅದು ಎಲ್ಲಿ ನಿಂತಿದೆ ಎಂದು ಮೊದಲು ಪತ್ತೆಹಚ್ಚಿ

ಒಂದೇ ಕಂಪ್ಯೂಟರಿನಲ್ಲಿ ಎರಡನೆಯ ಆಪರೇಟಿಂಗ್ ಸಿಸ್ಟಂ ನಡೆಸಲು ವರ್ಚುವಲ್ ಮಷೀನ್ ಬಳಸುವವರನ್ನು ಪದೇಪದೇ ಕಾಡುವ ತೊಂದರೆಗಳಲ್ಲಿ ಧ್ವನಿ ಕೇಳಿಸದಿರುವುದೂ ಒಂದು. ಪರದೆ ಸರಿಯಾಗಿರುತ್ತದೆ, ಇಂಟರ್ನೆಟ್ ಬರುತ್ತಿರುತ್ತದೆ, ವಿಡಿಯೊ ಹಾಕಿದರೆ ಚಿತ್ರವೂ ಓಡುತ್ತದೆ. ಸದ್ದು ಮಾತ್ರ ಇಲ್ಲ. ಆಗ ಬಹಳಷ್ಟು ಮಂದಿ ಒಳಗಿನ ಸಿಸ್ಟಂನ ಡ್ರೈವರ್ (ಸೌಂಡ್ ಕಾರ್ಡನ್ನು ನಡೆಸುವ ತಂತ್ರಾಂಶ) ತೆಗೆದು ಮತ್ತೆ ಹಾಕುತ್ತಾರೆ. ಅದರಿಂದಲೂ ಆಗದಿದ್ದರೆ ಆಪರೇಟಿಂಗ್ ಸಿಸ್ಟಂ ಅನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡುತ್ತಾರೆ. ಇಷ್ಟು ಶ್ರಮದ ಅಗತ್ಯ ಬೀಳುವುದು ತೀರಾ ಅಪರೂಪ. ದೋಷ ಯಾವ ಹಂತದಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಂಡರೆ ದುರಸ್ತಿ ಸಾಮಾನ್ಯವಾಗಿ ಕೆಲವೇ ನಿಮಿಷಗಳ ಕೆಲಸ.

ಹೊರಗಿನ ಕಂಪ್ಯೂಟರನ್ನು ಹೋಸ್ಟ್ ಎಂದೂ ಒಳಗೆ ನಡೆಯುವ ಸಿಸ್ಟಂ ಅನ್ನು ಗೆಸ್ಟ್ ಎಂದೂ ಕರೆಯುವುದು ವಾಡಿಕೆ. ಗೆಸ್ಟ್‌ನಲ್ಲಿ ಹಾಡೊಂದು ಶುರುವಾದರೆ, ಆ ಧ್ವನಿ ಮೊದಲು ಗೆಸ್ಟ್‌ನ ಆಡಿಯೊ ಸೇವೆಗೆ, ಅಲ್ಲಿಂದ ಗೆಸ್ಟ್‌ನ ಡ್ರೈವರ್‌ಗೆ, ಡ್ರೈವರ್‌ನಿಂದ ವರ್ಚುವಲ್ ಮಷೀನ್ ತಂತ್ರಾಂಶವು ಸೃಷ್ಟಿಸಿರುವ ಕೃತಕ ಸೌಂಡ್ ಕಾರ್ಡ್‌ಗೆ ಹೋಗುತ್ತದೆ. ಆ ತಂತ್ರಾಂಶವು ಅದನ್ನು ಹೋಸ್ಟ್‌ನ ಆಡಿಯೊ ವ್ಯವಸ್ಥೆಗೆ ದಾಟಿಸಿದ ಮೇಲಷ್ಟೇ ಸ್ಪೀಕರ್‌ನಿಂದ ಸದ್ದು ಹೊರಡುತ್ತದೆ. ಈ ದಾರಿಯ ಯಾವುದೇ ಒಂದು ಹಂತ ಕೈಕೊಟ್ಟರೂ ಬಳಕೆದಾರನಿಗೆ ಗೊತ್ತಾಗುವುದು ಮೌನ ಮಾತ್ರ. ಆದ್ದರಿಂದ ಬರಿಯ ಕಿವಿಯನ್ನು ನಂಬಿ ಕುಳಿತರೆ ಇಲ್ಲಿ ಪ್ರಯೋಜನವಿಲ್ಲ; ಧ್ವನಿ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಕಣ್ಣಿನಿಂದ ನೋಡಬೇಕು.

ಎರಡು ಮೀಟರ್‌ಗಳ ಪರೀಕ್ಷೆ

ಮೊದಲಿಗೆ ಹೋಸ್ಟ್‌ನಲ್ಲೇ ಒಂದು ಹಾಡು ಹಾಕಿ, ಅದು ಕೇಳಿಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೇಳಿಸದಿದ್ದರೆ ತೊಂದರೆಗೂ ವರ್ಚುವಲ್ ಮಷೀನ್‌ಗೂ ಸಂಬಂಧವಿಲ್ಲ. ಕೇಳಿಸಿದರೆ ಆ ಹಾಡನ್ನು ನಿಲ್ಲಿಸಿ, ಗೆಸ್ಟ್‌ನಲ್ಲಿ ಸ್ವಲ್ಪ ಉದ್ದದ ಹಾಡನ್ನು ಹಚ್ಚಿ, ಪರೀಕ್ಷೆ ಮುಗಿಯುವವರೆಗೂ ಅದು ಓಡುತ್ತಲೇ ಇರಲಿ.

ಗೆಸ್ಟ್ ವಿಂಡೋಸ್ ಆಗಿದ್ದರೆ ಹಳೆಯ ಕಂಟ್ರೋಲ್ ಪ್ಯಾನೆಲ್‌ನ ‘ಸೌಂಡ್’ ಕಿಟಕಿ ತೆರೆದು ‘ಪ್ಲೇಬ್ಯಾಕ್’ ಪುಟವನ್ನು ನೋಡಿ. ಸಾಧನದ ಹೆಸರಿನ ಬಲಗಡೆ ಇರುವ ಸಣ್ಣ ಪಟ್ಟಿಯಲ್ಲಿ, ಧ್ವನಿ ಹೊರಡುತ್ತಿದ್ದರೆ, ಹಸಿರು ಗೆರೆಗಳು ಏರಿಳಿಯುತ್ತವೆ. ಲಿನಕ್ಸ್ ಗೆಸ್ಟ್ ಆದರೆ ‘ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್’ ಎಂಬ ಪುಟ್ಟ ಪ್ರೋಗ್ರಾಂ ಹಾಕಿಕೊಂಡು ಅದರ ‘ಔಟ್‌ಪುಟ್ ಡಿವೈಸಸ್’ ಪುಟದಲ್ಲಿ ಇಂಥದ್ದೇ ಮೀಟರ್ ಗಮನಿಸಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಲಿನಕ್ಸ್‌ನಲ್ಲಿ ನಿಜವಾದ ಸಾಧನ ಸಿಗದಿದ್ದಾಗ ‘ಡಮ್ಮಿ ಔಟ್‌ಪುಟ್’ ಎಂಬ ಹೆಸರು ಕಾಣಿಸಿಕೊಳ್ಳುತ್ತದೆ, ಅದರ ಮೀಟರ್ ಕೂಡ ಕುಣಿಯಬಹುದು; ಹಾಗಾಗಿ ಮೀಟರ್‌ಗಿಂತ ಮೊದಲು ಸಾಧನದ ಹೆಸರನ್ನು ಓದಿ. ‘ಡಮ್ಮಿ’ ಎಂದಿದ್ದರೆ ಗೆಸ್ಟ್‌ಗೆ ಸೌಂಡ್ ಕಾರ್ಡ್ ಕಂಡಿಲ್ಲ ಎಂದೇ ಅರ್ಥ.

ಎರಡನೆಯ ಮೀಟರ್ ಹೋಸ್ಟ್‌ನಲ್ಲಿದೆ. ವಿಂಡೋಸ್ ಹೋಸ್ಟ್‌ನಲ್ಲಿ ‘ರನ್’ ಪೆಟ್ಟಿಗೆ ತೆರೆದು ಎಸ್, ಎನ್, ಡಿ, ವಿ, ಓ, ಎಲ್ ಎಂಬ ಆರು ಅಕ್ಷರಗಳನ್ನು ಜೋಡಿಸಿ ಟೈಪ್ ಮಾಡಿದರೆ ಹಳೆಯ ವಾಲ್ಯೂಮ್ ಮಿಕ್ಸರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪ್ರತಿ ಪ್ರೋಗ್ರಾಂಗೂ ಬೇರೆಬೇರೆ ಸ್ಲೈಡರ್ ಮತ್ತು ಮೀಟರ್ ಇರುತ್ತವೆ. ಲಿನಕ್ಸ್ ಹೋಸ್ಟ್‌ನಲ್ಲಿ ಮೇಲೆ ಹೇಳಿದ ಪ್ರೋಗ್ರಾಂನ ‘ಪ್ಲೇಬ್ಯಾಕ್’ ಪುಟ ಸಾಕು. ಅಲ್ಲಿ ವರ್ಚುವಲ್ ಮಷೀನ್‌ನ ಹೆಸರು ಇದೆಯೇ, ಇದ್ದರೆ ಅದರ ಮೀಟರ್ ಅಲುಗುತ್ತಿದೆಯೇ ಎಂದು ನೋಡಿ.

ಎರಡೂ ಮೀಟರ್‌ಗಳು ಅಲುಗುತ್ತಿದ್ದರೆ ಗೆಸ್ಟ್ ತನ್ನ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಹೋಸ್ಟ್‌ನ ಮಿಕ್ಸರ್‌ನಲ್ಲಿ ಆ ಒಂದು ಪ್ರೋಗ್ರಾಂ ಮಾತ್ರ ಮ್ಯೂಟ್ ಆಗಿರಬಹುದು, ಇಲ್ಲವೇ ಅದರ ಧ್ವನಿ ಮಾನಿಟರ್‌ನ ಎಚ್‌ಡಿಎಂಐ ಕೇಬಲ್‌ಗೋ ಪಕ್ಕದಲ್ಲಿಟ್ಟ ಬ್ಲೂಟೂತ್ ಹೆಡ್‌ಫೋನ್‌ಗೋ ಹೋಗುತ್ತಿರಬಹುದು. ಸರಿಯಾದ ಸಾಧನವನ್ನು ಆಯ್ದರೆ ಕೆಲಸ ಮುಗಿಯಿತು. ಗೆಸ್ಟ್‌ನ ಮೀಟರ್ ಅಲುಗಿ ಹೋಸ್ಟ್‌ನದು ಅಲುಗದಿದ್ದರೆ ದೋಷ ನಡುವಿನ ಕೊಂಡಿಯಲ್ಲಿದೆ. ಗೆಸ್ಟ್‌ನ ಮೀಟರೇ ಅಲುಗದಿದ್ದರೆ, ಅಥವಾ ಅಲ್ಲಿ ಸಾಧನವೇ ಇಲ್ಲದಿದ್ದರೆ, ಒಳಗಿನಿಂದ ಹುಡುಕಬೇಕು.

ಗೆಸ್ಟ್‌ಗೆ ಸೌಂಡ್ ಕಾರ್ಡೇ ಕಾಣದಿದ್ದಾಗ

ನನ್ನ ದೃಷ್ಟಿಯಲ್ಲಿ ಜನ ಅತಿ ಹೆಚ್ಚು ಸಮಯ ವ್ಯರ್ಥ ಮಾಡುವುದು ಈ ಹಂತದಲ್ಲೇ. ಅದರಿಂದ ಇದನ್ನು ಕೊಂಚ ವಿವರವಾಗಿ ನೋಡೋಣ.

ವರ್ಚುವಲ್ ಮಷೀನ್‌ನಲ್ಲಿರುವ ಸೌಂಡ್ ಕಾರ್ಡ್ ನಿಮ್ಮ ಕಂಪ್ಯೂಟರಿನಲ್ಲಿರುವ ನಿಜವಾದ ಕಾರ್ಡ್ ಅಲ್ಲ. ಹಿಂದಿನ ಯಾವುದೋ ಪ್ರಸಿದ್ಧ ಚಿಪ್‌ನಂತೆ ವರ್ತಿಸುವ ತಂತ್ರಾಂಶ ಅದು. ವರ್ಚುವಲ್ ಮಷೀನ್ ನಡೆಸುವ ಜನಪ್ರಿಯ ತಂತ್ರಾಂಶವಾದ ವರ್ಚುವಲ್‌ಬಾಕ್ಸ್‌ನಲ್ಲಿ ಮೂರು ಆಯ್ಕೆಗಳಿವೆ: ಸೌಂಡ್‌ಬ್ಲಾಸ್ಟರ್ 16, ಐಸಿಎಚ್ ಎಸಿ97, ಇಂಟೆಲ್ ಎಚ್‌ಡಿ ಆಡಿಯೊ. ಗೆಸ್ಟ್ ಆಗಿರುವ ಸಿಸ್ಟಂ ಯಾವ ಕಾಲದ್ದೋ ಆ ಕಾಲದ ಕಾರ್ಡ್ ಅದಕ್ಕೆ ಸಿಗಬೇಕು. ಎಸಿ97 ಮಾನದಂಡ 1997ರದ್ದು. ಇಂಟೆಲ್ ಎಚ್‌ಡಿ ಆಡಿಯೊ ಬಂದದ್ದು 2004ರಲ್ಲಿ. ವಿಂಡೋಸ್ ಎಕ್ಸ್‌ಪಿ ಬಿಡುಗಡೆಯಾದದ್ದು 2001ರಲ್ಲಿ, ಹಾಗಾಗಿ ಅದಕ್ಕೆ ಎಸಿ97 ಹೊಂದುತ್ತದೆ, ಎಚ್‌ಡಿ ಆಡಿಯೊ ತಾನಾಗಿ ಹೊಂದುವುದಿಲ್ಲ. ವಿಸ್ಟಾ ಮತ್ತು ಅದರ ನಂತರದ ವಿಂಡೋಸ್‌ಗಳಲ್ಲಿ ಪರಿಸ್ಥಿತಿ ತಿರುಗುಮುರುಗು: ಎಚ್‌ಡಿ ಆಡಿಯೊಗೆ ಬೇಕಾದ ಡ್ರೈವರ್ ಸಿಸ್ಟಂನಲ್ಲೇ ಇರುತ್ತದೆ, ಎಸಿ97ಕ್ಕೆ ಇರುವುದಿಲ್ಲ. ಡಾಸ್ ಅಥವಾ ವಿಂಡೋಸ್ 98ರ ಹಳೆಯ ಆಟಗಳನ್ನು ಆಡಬೇಕಾದರೆ ಸೌಂಡ್‌ಬ್ಲಾಸ್ಟರ್ 16 ಬೇಕಾಗುತ್ತದೆ.

ಆದ್ದರಿಂದ ವಿಂಡೋಸ್ 10 ಅಥವಾ 11 ಗೆಸ್ಟ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಮಲ್ಟಿಮೀಡಿಯಾ ಆಡಿಯೊ ಕಂಟ್ರೋಲರ್’ ಎಂಬ ಸಾಲು ಹಳದಿ ಚಿಹ್ನೆ ಹೊತ್ತು ನಿಂತಿದ್ದರೆ, ಡ್ರೈವರ್ ಹುಡುಕಿಕೊಂಡು ಅಪರಿಚಿತ ಜಾಲತಾಣಗಳಿಗೆ ಹೋಗುವ ಅಗತ್ಯವಿಲ್ಲ, ಹೋಗಬಾರದು ಕೂಡ. ಗೆಸ್ಟ್ ಅನ್ನು ಪೂರ್ತಿಯಾಗಿ ಶಟ್‌ಡೌನ್ ಮಾಡಿ, ವರ್ಚುವಲ್‌ಬಾಕ್ಸ್‌ನ ‘ಸೆಟ್ಟಿಂಗ್ಸ್’ನಲ್ಲಿ ‘ಆಡಿಯೊ’ ಪುಟಕ್ಕೆ ಹೋಗಿ, ‘ಎನೇಬಲ್ ಆಡಿಯೊ’ ಮತ್ತು ‘ಎನೇಬಲ್ ಆಡಿಯೊ ಔಟ್‌ಪುಟ್’ ಎರಡಕ್ಕೂ ಗುರುತು ಬಿದ್ದಿದೆಯೇ ನೋಡಿ, ಕಂಟ್ರೋಲರನ್ನು ಇಂಟೆಲ್ ಎಚ್‌ಡಿ ಆಡಿಯೊ ಎಂದು ಬದಲಿಸಿ. ಮತ್ತೆ ಶುರುಮಾಡಿದಾಗ ವಿಂಡೋಸ್ ಹೊಸ ಕಾರ್ಡನ್ನು ತಾನೇ ಗುರುತಿಸುತ್ತದೆ.

‘ಪೂರ್ತಿಯಾಗಿ ಶಟ್‌ಡೌನ್’ ಎಂಬುದನ್ನು ಒತ್ತಿ ಹೇಳಲೇಬೇಕು. ಕಿಟಕಿ ಮುಚ್ಚುವಾಗ ‘ಸೇವ್ ಸ್ಟೇಟ್’ ಆಯ್ದುಕೊಂಡಿದ್ದರೆ ಗೆಸ್ಟ್ ಬರಿಯ ನಿದ್ರೆಯಲ್ಲಿರುತ್ತದೆ; ಆ ಸ್ಥಿತಿಯಲ್ಲಿ ಕಂಟ್ರೋಲರ್ ಬದಲಿಸುವ ಆಯ್ಕೆ ಮಸುಕಾಗಿ ಕಾಣುತ್ತದೆ, ಒತ್ತಿದರೂ ಒತ್ತುವುದಿಲ್ಲ. ಗೆಸ್ಟ್‌ನ ಒಳಗಿನಿಂದಲೇ ಶಟ್‌ಡೌನ್ ಮಾಡಿದರೆ ಈ ತೊಡಕು ಇರದು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಪಡಿಸಬೇಕು. ವರ್ಚುವಲ್‌ಬಾಕ್ಸ್‌ನ ‘ಗೆಸ್ಟ್ ಅಡಿಷನ್ಸ್’ನಲ್ಲಿ ಸೌಂಡ್ ಡ್ರೈವರ್ ಇಲ್ಲ, ಪರದೆ, ಮೌಸ್, ಕಡತ ಹಂಚಿಕೆಗಳಿಗೆ ಅದು ಬೇಕು, ಧ್ವನಿಗೆ ಅದನ್ನು ಎಷ್ಟು ಸಲ ಹಾಕಿದರೂ ಫಲವಿಲ್ಲ. ಇಂಥದ್ದೇ ಇನ್ನೊಂದು ತಂತ್ರಾಂಶವಾದ ವಿಎಂವೇರ್‌ನಲ್ಲಿ ಹಾಗಲ್ಲ. ಅಲ್ಲಿ ‘ವಿಎಂವೇರ್ ಟೂಲ್ಸ್’ ಜೊತೆಗೆ ವಿಂಡೋಸ್ ಗೆಸ್ಟ್‌ಗಳಿಗಾಗಿ ಆಡಿಯೊ ಡ್ರೈವರ್ ಕೂಡ ಬರುವುದರಿಂದ ಅದನ್ನು ಹಾಕಿ ನೋಡುವುದು ಸರಿಯಾದ ಕ್ರಮ. ಜೊತೆಗೆ, ಆ ಮಷೀನ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸೌಂಡ್ ಕಾರ್ಡ್’ ಎಂಬ ಸಾಲು ಇದೆಯೇ, ಅದರ ‘ಕನೆಕ್ಟೆಡ್’ ಮತ್ತು ‘ಕನೆಕ್ಟ್ ಅಟ್ ಪವರ್ ಆನ್’ ಚೌಕಗಳಲ್ಲಿ ಗುರುತು ಇದೆಯೇ ಎಂದು ನೋಡಿ. ಸಾಲೇ ಇಲ್ಲದಿದ್ದರೆ ‘ಆ್ಯಡ್’ ಒತ್ತಿ ಸೇರಿಸಿ.

ಲಿನಕ್ಸ್ ಗೆಸ್ಟ್‌ನಲ್ಲಿ ಎಸಿ97 ಮತ್ತು ಎಚ್‌ಡಿ ಆಡಿಯೊ ಎರಡಕ್ಕೂ ಡ್ರೈವರ್, ಸಿಸ್ಟಂನ ತಿರುಳಾದ ಕರ್ನೆಲ್‌ನೊಂದಿಗೇ ಬರುತ್ತದೆ ಎಂಬುದು ಸಾಮಾನ್ಯವಾಗಿ ನಿಜ. ಆದರೆ ಸರ್ವರ್ ಅಥವಾ ಕ್ಲೌಡ್‌ಗಾಗಿ ತಯಾರಿಸಿದ ಇಮೇಜ್‌ನಿಂದ (ಸಿದ್ಧ ಸಿಸ್ಟಂ ಕಡತದಿಂದ) ಗೆಸ್ಟ್ ಕಟ್ಟಿ, ಅದರ ಮೇಲೆ ಡೆಸ್ಕ್‌ಟಾಪ್ ಹಾಕಿಕೊಂಡವರಿಗೆ ಇದು ಅನ್ವಯಿಸುವುದಿಲ್ಲ. ಅಂಥ ಇಮೇಜ್‌ಗಳ ಕರ್ನೆಲ್‌ನಲ್ಲಿ ಗಾತ್ರ ಉಳಿಸಲೆಂದು ಧ್ವನಿಯ ಮಾಡ್ಯೂಲ್‌ಗಳನ್ನು ಬಿಟ್ಟಿರುತ್ತಾರೆ. ಉಬುಂಟುವಿನಲ್ಲಿ ಕರ್ನೆಲ್‌ನ ಆವೃತ್ತಿಗೆ ಹೊಂದುವ ‘ಮಾಡ್ಯೂಲ್ಸ್ ಎಕ್ಸ್‌ಟ್ರಾ’ ಪ್ಯಾಕೇಜ್ ಹಾಕಿದರೆ ಅವು ಸಿಗುತ್ತವೆ. ಡೆಬಿಯನ್‌ನಲ್ಲಿ ಕ್ಲೌಡ್ ಕರ್ನೆಲ್ ಬದಲು ಸಾಮಾನ್ಯ ಕರ್ನೆಲ್ ಹಾಕಿ ರೀಬೂಟ್ ಮಾಡಬೇಕು.

ಕಾರ್ಡ್ ಇದ್ದೂ ಗೆಸ್ಟ್‌ನ ಮೀಟರ್ ಅಲುಗದಿದ್ದಾಗ

ಇದು ಸರಳ ಪ್ರಕರಣ. ವಿಂಡೋಸ್‌ನಲ್ಲಿ ‘ಸರ್ವಿಸಸ್’ ಪಟ್ಟಿ ತೆರೆದು ‘ವಿಂಡೋಸ್ ಆಡಿಯೊ’ ಮತ್ತು ‘ವಿಂಡೋಸ್ ಆಡಿಯೊ ಎಂಡ್‌ಪಾಯಿಂಟ್ ಬಿಲ್ಡರ್’ ಎರಡೂ ಚಾಲನೆಯಲ್ಲಿವೆಯೇ ನೋಡಿ. ವಿಂಡೋಸ್ ಸರ್ವರ್ ಆವೃತ್ತಿಗಳಲ್ಲಿ ಆಡಿಯೊ ಸೇವೆ ತಾನಾಗಿ ಶುರುವಾಗದಿರುವುದು ಸಹಜ. ಅದನ್ನು ‘ಆಟೊಮ್ಯಾಟಿಕ್’ ಎಂದು ಬದಲಿಸಿ ಶುರುಮಾಡಿ. ಲಿನಕ್ಸ್‌ನಲ್ಲಿ ತಪ್ಪು ಔಟ್‌ಪುಟ್ ಆಯ್ಕೆಯಾಗಿದೆಯೇ ಎಂದು ಪರೀಕ್ಷಿಸಿ, ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆದರೆ ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೊ ಎಂಬ ಆಡಿಯೊ ಸೇವೆ ಹೊಸದಾಗಿ ಆರಂಭವಾಗುತ್ತದೆ. ಬ್ರೌಸರ್‌ನ ಟ್ಯಾಬ್ ಮ್ಯೂಟ್ ಆಗಿರುವ ಸಾಧ್ಯತೆಯನ್ನೂ ಮರೆಯಬೇಡಿ.

ನಡುವಿನ ಕೊಂಡಿ ಕಳಚಿದಾಗ

ಗೆಸ್ಟ್‌ನ ಮೀಟರ್ ಕುಣಿಯುತ್ತಿದೆ, ಹೋಸ್ಟ್‌ನದು ಸ್ತಬ್ಧ. ಗೆಸ್ಟ್ ಲಿನಕ್ಸ್ ಆಗಿದ್ದರೆ, ಹೊರಗಿನ ಕೊಂಡಿಯನ್ನು ದೂರುವ ಮೊದಲು ಗೆಸ್ಟ್‌ನ ಟರ್ಮಿನಲ್‌ನಲ್ಲಿ ‘ಆಲ್ಸಾಮಿಕ್ಸರ್’ (alsamixer) ಎಂಬ ಧ್ವನಿ ನಿಯಂತ್ರಕವನ್ನು ತೆರೆಯಿರಿ. ಎಫ್6 ಒತ್ತಿ ಸರಿಯಾದ ಕಾರ್ಡ್ ಆರಿಸಿದರೆ, ಮಾಸ್ಟರ್, ಪಿಸಿಎಂ ಮೊದಲಾದ ಕಂಬಗಳು ಸಾಲಾಗಿ ಕಾಣುತ್ತವೆ. ಕಂಬದ ಬುಡದಲ್ಲಿ ಎರಡು ‘ಎಂ’ ಅಕ್ಷರಗಳಿದ್ದರೆ ಅದು ಮ್ಯೂಟ್ ಆಗಿದೆ. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ‘ಎಂ’ ಕೀಲಿಯನ್ನು ಒತ್ತಿದರೆ ಆ ಅಕ್ಷರಗಳು ಎರಡು ‘ಓ’ಗಳಾಗಿ ಬದಲಾಗುತ್ತವೆ, ನಂತರ ಮೇಲಿನ ಬಾಣದಿಂದ ಕಂಬವನ್ನು ಏರಿಸಬಹುದು. ಡೆಸ್ಕ್‌ಟಾಪ್‌ನ ಸ್ಲೈಡರ್ ನೂರಕ್ಕೆ ನೂರು ತೋರಿಸುತ್ತಿದ್ದರೂ ಈ ಕೆಳಗಿನ ಪದರದಲ್ಲಿ ಮ್ಯೂಟ್ ಉಳಿದಿರಬಹುದು, ಆದ್ದರಿಂದ ಈ ಹಂತವನ್ನು ಬಿಡಬೇಡಿ.

ಅಲ್ಲೂ ಎಲ್ಲ ಸರಿಯಿದ್ದರೆ ವರ್ಚುವಲ್‌ಬಾಕ್ಸ್‌ನ ‘ಹೋಸ್ಟ್ ಆಡಿಯೊ ಡ್ರೈವರ್’ ಎಂಬ ಆಯ್ಕೆಯನ್ನು ನೋಡಿ. ಅದು ‘ನಲ್’ ಎಂದಿದ್ದರೆ ಗೆಸ್ಟ್‌ಗೆ ಕಾರ್ಡ್ ಕಾಣುತ್ತದೆ, ಹಾಡು ಓಡುತ್ತದೆ, ಆದರೆ ಬಂದ ಧ್ವನಿಯೆಲ್ಲ ಹೊರಗೆ ಹೋಗದೆ ಅಲ್ಲೇ ಕೊನೆಯಾಗುತ್ತದೆ. ಲಿನಕ್ಸ್ ಹೋಸ್ಟ್‌ನಿಂದ ವಿಂಡೋಸ್ ಹೋಸ್ಟ್‌ಗೆ ಮಷೀನನ್ನು ಸಾಗಿಸಿದ್ದರೆ ಹಳೆಯ ಹೋಸ್ಟ್‌ನ ಡ್ರೈವರ್ ಹೆಸರೇ ಉಳಿದಿರಬಹುದು. ಹೊಸ ಆವೃತ್ತಿಗಳಲ್ಲಿರುವ ‘ಡೀಫಾಲ್ಟ್’ ಆಯ್ಕೆ ಹೋಸ್ಟ್‌ಗೆ ತಕ್ಕ ಡ್ರೈವರನ್ನು ತಾನೇ ಆರಿಸಿಕೊಳ್ಳುವುದರಿಂದ ಅದೇ ಉತ್ತಮ. ಲಿನಕ್ಸ್ ಹೋಸ್ಟ್‌ನಲ್ಲಿ ಈಗ ಪೈಪ್‌ವೈರ್ ಇದ್ದರೂ ‘ಪಲ್ಸ್‌ಆಡಿಯೊ’ ಎಂದೇ ಆರಿಸಬಹುದು, ಪೈಪ್‌ವೈರ್ ಆ ಭಾಷೆಯನ್ನೂ ಅರ್ಥಮಾಡಿಕೊಳ್ಳುತ್ತದೆ.

ಸಂದೇಹ ಉಳಿದರೆ ಮಷೀನ್‌ನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ‘ಶೋ ಲಾಗ್’ ಆರಿಸಿ, ‘ಆಡಿಯೊ’ ಎಂಬ ಪದಕ್ಕಾಗಿ ಹುಡುಕಿ. ಹೋಸ್ಟ್‌ನ ಆಡಿಯೊ ವ್ಯವಸ್ಥೆ ಸ್ಪಂದಿಸದಿದ್ದಾಗ ವರ್ಚುವಲ್‌ಬಾಕ್ಸ್ ತಾನಾಗಿಯೇ ನಲ್ ಡ್ರೈವರ್‌ಗೆ ಇಳಿದು, ಸದ್ದು ಕೇಳಿಸದು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿಟ್ಟಿರುತ್ತದೆ. ವಿಎಂವೇರ್‌ನಲ್ಲಿ ನಿರ್ದಿಷ್ಟ ಹೋಸ್ಟ್ ಕಾರ್ಡ್ ಒಂದನ್ನು ಆಯ್ದಿದ್ದು, ಆ ಹೆಡ್‌ಸೆಟ್ ಈಗ ಜೋಡಣೆಯಲ್ಲಿ ಇಲ್ಲದಿದ್ದರೂ ಇದೇ ಫಲಿತಾಂಶ. ‘ಯೂಸ್ ಡೀಫಾಲ್ಟ್ ಹೋಸ್ಟ್ ಸೌಂಡ್ ಕಾರ್ಡ್’ ಎಂಬುದಕ್ಕೆ ಮರಳಿ.

ಕೆವಿಎಂ ಮತ್ತು ಹೈಪರ್-ವಿ ಬಳಸುವವರಿಗೆ

ವರ್ಟ್-ಮ್ಯಾನೇಜರ್ ಎಂಬ ಪ್ರೋಗ್ರಾಂ ಮೂಲಕ, ಲಿನಕ್ಸ್‌ನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಕೆವಿಎಂ ನಡೆಸುವವರು ‘ಡಿಸ್‌ಪ್ಲೇ’, ಅಂದರೆ ಗೆಸ್ಟ್‌ನ ಪರದೆಯನ್ನು ತೋರಿಸುವ ವಿಧಾನ, ಯಾವ ಬಗೆಯದು ಎಂದು ನೋಡಬೇಕು. ಅದು ಸ್ಪೈಸ್ ಆಗಿದ್ದರೆ ಪರದೆಯ ಜೊತೆಗೇ ಧ್ವನಿಯೂ ವೀಕ್ಷಕ ಕಿಟಕಿಗೆ ಬರುತ್ತದೆ, ಕಿಟಕಿ ಮುಚ್ಚಿದರೆ ಧ್ವನಿಯೂ ನಿಲ್ಲುತ್ತದೆ. ವಿಎನ್‌ಸಿ ಆಗಿದ್ದರೆ, ಹಿನ್ನೆಲೆಯಲ್ಲಿ ಮಷೀನನ್ನು ನಿರ್ವಹಿಸುವ ಲಿಬ್‌ವರ್ಟ್ ಸಾಮಾನ್ಯವಾಗಿ ಧ್ವನಿಯನ್ನು ಹೋಸ್ಟ್‌ಗೆ ಬಿಡುವುದಿಲ್ಲ. ಸ್ಪೈಸ್‌ಗೆ ಬದಲಿಸಿ, ‘ಸೌಂಡ್’ ಸಾಧನವನ್ನು ಐಸಿಎಚ್9 ಎಂದು ಇರಿಸುವುದು ಹೆಚ್ಚಿನ ಗೆಸ್ಟ್‌ಗಳಿಗೆ ಸರಿಹೋಗುತ್ತದೆ.

ವಿಂಡೋಸ್‌ನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿಯ ದಾರಿಯೇ ಬೇರೆ. ಅದು ಗೆಸ್ಟ್‌ಗೆ ಸೌಂಡ್ ಕಾರ್ಡನ್ನು ಕೊಡುವುದೇ ಇಲ್ಲ, ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗದು. ಧ್ವನಿ ಬರುವುದು ‘ಎನ್‌ಹಾನ್ಸ್ಡ್ ಸೆಷನ್’ ಮೂಲಕ, ಅಂದರೆ ರಿಮೋಟ್ ಡೆಸ್ಕ್‌ಟಾಪ್‌ನ ತಂತ್ರದಿಂದ. ಹೈಪರ್-ವಿ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಅನುಮತಿ ಕೊಟ್ಟು, ಮಷೀನ್‌ನ ಮೇಲೆ ಬಲ ಕ್ಲಿಕ್ ಮಾಡಿ ‘ಎಡಿಟ್ ಸೆಷನ್ ಸೆಟ್ಟಿಂಗ್ಸ್’ ತೆರೆದು, ‘ಲೋಕಲ್ ರಿಸೋರ್ಸಸ್’ ಪುಟದ ‘ರಿಮೋಟ್ ಆಡಿಯೊ’ ಭಾಗದಲ್ಲಿ ‘ಪ್ಲೇ ಆನ್ ದಿಸ್ ಕಂಪ್ಯೂಟರ್’ ಆರಿಸಬೇಕು. ಅಲ್ಲಿ ‘ರಿಮೋಟ್ ಕಂಪ್ಯೂಟರ್’ ಎಂದು ಉಳಿದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ನಿಮಗೆ ಏನೂ ಕೇಳಿಸದು. ಲಿನಕ್ಸ್ ಗೆಸ್ಟ್ ಆದರೆ ಎಕ್ಸ್‌ಆರ್‌ಡಿಪಿ ಎಂಬ ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶ ಮತ್ತು ಅದರ ಆಡಿಯೊ ಮಾಡ್ಯೂಲನ್ನು ಗೆಸ್ಟ್‌ನಲ್ಲಿ ಪ್ರತ್ಯೇಕವಾಗಿ ಹಾಕಬೇಕಾಗುತ್ತದೆ.

ಧ್ವನಿ ಬಂದ ಮೇಲೆ ಅದು ಒಡೆದಂತೆ, ತುಂಡುತುಂಡಾಗಿ ಕೇಳಿಸಿದರೆ ಅದು ಡ್ರೈವರ್‌ನ ದೋಷವಾಗಿರುವುದಕ್ಕಿಂತ ಗೆಸ್ಟ್‌ಗೆ ಸಮಯಕ್ಕೆ ಸರಿಯಾಗಿ ಪ್ರೊಸೆಸರ್ ಸಿಗದಿರುವುದರ ಲಕ್ಷಣವಾಗಿರುವುದೇ ಹೆಚ್ಚು. ಗೆಸ್ಟ್‌ಗೆ ಒಂದೇ ಪ್ರೊಸೆಸರ್ ಕೊಟ್ಟಿದ್ದರೆ ಎರಡಕ್ಕೆ ಏರಿಸಿ, ಹೋಸ್ಟ್‌ನಲ್ಲಿ ಭಾರದ ಕೆಲಸಗಳನ್ನು ನಿಲ್ಲಿಸಿ, ಮತ್ತೆ ಅದೇ ಹಾಡನ್ನು ಹಾಕಿ ಕೇಳಿ.