ಕ್ಲಿಂಚ್ ಕಲಿಯುವುದು ಹೇಗೆ? ಮೊದಲು ನಿಲುವು, ಆಮೇಲೆ ಹಿಡಿತ

ಥಾಯ್ಲೆಂಡಿನ ಹೊಡೆದಾಟದ ಆಟ ಮುಯ್ ಥಾಯ್ ಕಲಿಯುತ್ತಿರುವ ಹುಡುಗ ಹುಡುಗಿಯರು ಪಂಚ್, ಕಿಕ್ ಚೆನ್ನಾಗಿಯೇ ಹೊಡೆಯುತ್ತಾರೆ. ಕೋಚ್ ‘ಕ್ಲಿಂಚ್’, ಅಂದರೆ ನಿಂತಲ್ಲೇ ತಬ್ಬಿ ಹಿಡಿಯುವುದು, ಅಂದ ಕೂಡಲೇ ಎಲ್ಲ ಮರೆತುಹೋಗುತ್ತದೆ. ಒಬ್ಬರ ಕತ್ತಿಗೆ ಇನ್ನೊಬ್ಬರು ಜೋತುಬಿದ್ದು, ಉಸಿರು ಬಿಗಿಹಿಡಿದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದಾಡುತ್ತಾರೆ. ಸ್ವಲ್ಪ ಹೊತ್ತಿಗೇ ಇಬ್ಬರ ತೋಳೂ ಸೋತಿರುತ್ತವೆ. ತಪ್ಪು ಶಕ್ತಿಯದಲ್ಲ, ನಿಲುವಿನದು.

ಬಾಕ್ಸಿಂಗ್‌ನಲ್ಲಿ ಇಬ್ಬರು ತಬ್ಬಿಕೊಂಡರೆ ರೆಫರಿ ಬಂದು ಬಿಡಿಸುತ್ತಾರೆ. ಥಾಯ್ಲೆಂಡಿನ ಆಟದಲ್ಲಿ ತಬ್ಬಿದ ಮೇಲೂ ಆಟ ನಡೆಯುತ್ತದೆ. ಮಂಡಿ, ಮೊಣಕೈ ಏಟುಗಳಿಗೆ ಅಲ್ಲಿ ಒಳ್ಳೆಯ ಬೆಲೆ. ಅಲ್ಲಿನ ಆಟಗಾರ, ಉದ್ದ ಆಳು ಡೀಸೆಲ್‌ನೋಯಿ ಹೆಸರು ಮಾಡಿದ್ದೇ ಕ್ಲಿಂಚ್‌ ಹಿಡಿದು ಹೊಡೆಯುವ ಮಂಡಿ ಏಟಿನಿಂದ. 1982ರಲ್ಲಿ ಅವರು ಸೋಲಿಸಿದ ಸಮಾರ್ಟ್ ಪಾಯಕರೂನ್ ಸಾಮಾನ್ಯ ಆಟಗಾರರಲ್ಲ. ಅಲ್ಲಿನ ಶಿಬಿರಗಳಲ್ಲಿ ಇದಕ್ಕೆಂದೇ ದಿನಾ ಅರ್ಧ ಗಂಟೆ, ಕೆಲವು ಕಡೆ ಅದಕ್ಕಿಂತ ಜಾಸ್ತಿ ಮೀಸಲು. ನಮ್ಮಲ್ಲಿ ತರಗತಿಯ ಕೊನೆಯ ಐದು ನಿಮಿಷ ಕೊಟ್ಟರೆ ಹೇಗೆ ಬರಬೇಕು ಹೇಳಿ?

ತಯಾರಿ. ಉಗುರು ಕತ್ತರಿಸಿ. ಉಂಗುರ, ಸರ, ಓಲೆ ಬಿಚ್ಚಿಡಿ. ಮೌತ್‌ಗಾರ್ಡ್ ಹಾಕಿ. ಮೈ ಮೇಲೆ ಹುಳುಕಡ್ಡಿ ಇದ್ದರೆ ಅದು ವಾಸಿಯಾಗುವವರೆಗೆ ಯಾರ ಜೊತೆಗೂ ಕ್ಲಿಂಚ್ ಮಾಡಬೇಡಿ. ಗ್ಲೌಸ್ ಆಮೇಲೆ, ಮೊದಲು ಬರಿಗೈ. ಕೈ ಎಲ್ಲಿ ಕೂತಿದೆ ಅಂತ ಚರ್ಮಕ್ಕೇ ಗೊತ್ತಾಗಬೇಕು. ಜೊತೆಗಾರರು ಹೆಚ್ಚು ಕಡಿಮೆ ನಿಮ್ಮ ಎತ್ತರ, ತೂಕದವರೇ ಇರಲಿ.

ನಿಲುವು. ಕಾಲು ಹೆಗಲಗಲ, ಮಂಡಿ ಸಡಿಲ, ಹಿಮ್ಮಡಿ ಸ್ವಲ್ಪ ಮೇಲೆ. ಬೆನ್ನು ನೆಟ್ಟಗೆ, ಗಲ್ಲ ಒಳಕ್ಕೆ, ಸೊಂಟ ಜೊತೆಗಾರರ ಸೊಂಟಕ್ಕೆ ಹತ್ತಿರ. ಹೊಸಬರು ಮುಜುಗರಕ್ಕೋ ಹೆದರಿಕೆಗೋ ಸೊಂಟ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹಾಗೆ ಬಿಟ್ಟ ಜಾಗದಲ್ಲೇ ಮಂಡಿ ನುಗ್ಗುವುದು. ಮೈಸೂರಿನ ಗರಡಿಗಳಲ್ಲಿ ಮಟ್ಟಿಯ ಮಣ್ಣಿಗೆ ಇಳಿದು ಪಳಗಿದವರಿಗೆ ಕತ್ತಿನ ಬಲ ಮೊದಲೇ ಇರುತ್ತದೆ, ಅದು ದೊಡ್ಡ ಆಸ್ತಿ. ಆದರೆ ಕುಸ್ತಿಯಲ್ಲಿ ಎದುರಾಳಿ ಕಾಲಿಗೆ ಕೈ ಹಾಕದಿರಲಿ ಅಂತ ಸೊಂಟ ಬಾಗಿಸಿ ತಲೆ ಮುಂದಿಟ್ಟು ನಿಲ್ಲುತ್ತಾರೆ. ಇಲ್ಲಿ ಬಾಗಿದ ಮುಖಕ್ಕೆ ಮಂಡಿ ಬರುತ್ತದೆ. ಆ ಅಭ್ಯಾಸವನ್ನು ಗರಡಿಯಲ್ಲೇ ಬಿಟ್ಟು ಬನ್ನಿ.

ಹಿಡಿತ. ಒಂದು ಅಂಗೈಯನ್ನು ಜೊತೆಗಾರರ ತಲೆಯ ಹಿಂಬದಿಯ ಉಬ್ಬಿನ ಮೇಲೆ ಇಡಿ. ಇನ್ನೊಂದು ಅಂಗೈ ಅದರ ಮೇಲೆ. ಬೆರಳು ಹೆಣೆಯಬೇಡಿ. ಅವರು ತಟ್ಟನೆ ತಲೆ ಕೊಡವಿದರೆ ನಿಮ್ಮ ಬೆರಳೇ ಉಳುಕುತ್ತದೆ. ಕತ್ತಿನ ಬುಡಕ್ಕೆ ಕೈ ಹಾಕುವುದೂ ದಂಡ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಕಷ್ಟ, ಅಂಚಿನಲ್ಲಿ ತಳ್ಳಿದರೆ ಸಲೀಸು ಅಲ್ವಾ? ತಲೆಯೂ ಹಾಗೆಯೇ. ಆಮೇಲೆ ಮೊಣಕೈಗಳನ್ನು ಹತ್ತಿರ ತಂದು, ಕೆಳಕ್ಕೆ ಇಳಿಸಿ, ಅವರ ಎದೆಗೆ ಒತ್ತಿ. ತೋಳಿನಿಂದ ಎಳೆಯುವುದಲ್ಲ, ಮೊಣಕೈಯ ಮೇಲೆ ನಿಮ್ಮ ಭಾರ ಇಳಿಯಬೇಕು.

ಒಳಗೈ ಆಟ. ಎಲ್ಲರೂ ಎಡವುವುದು ಇಲ್ಲಿಯೇ. ನಿಮ್ಮ ತೋಳು ಅವರ ತೋಳುಗಳ ಒಳಗಿದ್ದರೆ ತಲೆ ನಿಮ್ಮ ಕೈಯಲ್ಲಿ. ಹೊರಗಿದ್ದರೆ ನಿಮ್ಮ ತಲೆ ಅವರ ಕೈಯಲ್ಲಿ. ಆದ್ದರಿಂದ ಒಳಗಿನ ಜಾಗಕ್ಕೆ ಇಬ್ಬರದೂ ಪೈಪೋಟಿ.

ಇಬ್ಬರದೂ ಒಂದು ಕೈ ಒಳಗೆ, ಇನ್ನೊಂದು ಹೊರಗೆ ಇಟ್ಟು ಶುರು ಮಾಡಿ. ಒಳಗಿನ ಕೈ ಅವರ ಕತ್ತಿನ ಮೇಲೆ, ಹೊರಗಿನದು ಅವರ ರಟ್ಟೆಯ ಮೇಲೆ. ಈಗ ಹೊರಗಿನ ಕೈಯ ಬೆರಳು ಕೂಡಿಸಿ, ಅಂಗೈ ನಿಮ್ಮ ಕಡೆ ತಿರುಗಿಸಿ. ಅವರ ತೋಳಿಗೂ ನಿಮ್ಮ ಎದೆಗೂ ನಡುವಿನ ಸಂದಿನಲ್ಲಿ ಮೇಲಕ್ಕೆ ಜಾರಿಸಿ, ಕತ್ತಿನ ಹಿಂದಕ್ಕೆ ತನ್ನಿ. ಅವರೂ ಅದನ್ನೇ ಇನ್ನೊಂದು ಬದಿಯಲ್ಲಿ ಮಾಡುತ್ತಾರೆ. ಹೀಗೆ ಒಬ್ಬರಾದ ಮೇಲೆ ಒಬ್ಬರು.

ನೋಡಬೇಕಾದ್ದು ಇಷ್ಟು. ಒಂದು ಸಲಕ್ಕೆ ಒಂದೇ ಕೈ ಚಲಿಸಬೇಕು, ಇನ್ನೊಂದು ಕೈ ಅವರ ಮೈಗೆ ಅಂಟಿಕೊಂಡೇ ಇರಬೇಕು. ಎರಡೂ ಕೈ ಬಿಟ್ಟರೆ ನೇರ ಮೊಣಕೈ ಏಟು ಬೀಳುತ್ತದೆ. ಕೈ ಒಳಗೆ ಹೋಗುವಾಗ ಮೊಣಕೈ ರೆಕ್ಕೆಯಂತೆ ಎತ್ತಬೇಡಿ, ಕಂಕುಳು ಖಾಲಿಯಾಗಿ ಅವರು ನಿಮ್ಮ ನಡು ಹಿಡಿಯುತ್ತಾರೆ. ಕೈ ಎಲ್ಲಿದೆ ಅಂತ ಬಗ್ಗಿ ನೋಡಬೇಡಿ. ನೋಡಿದರೆ ತಲೆ ತಾನಾಗಿ ಇಳಿಯುತ್ತದೆ. ಸ್ವಲ್ಪ ಪಳಗಿದ ಮೇಲೆ ಕಣ್ಣು ಮುಚ್ಚಿ ಆಡಿ, ಕೈ ಬೇಗ ಕಲಿಯುತ್ತದೆ. ಸಂದು ಸಿಗುತ್ತಿಲ್ಲವೇ? ಗುದ್ದಾಡಬೇಡಿ. ಅವರ ಮೊಣಕೈ ಮಡಿಕೆಯ ಮೇಲೆ ಅಂಗೈ ಒತ್ತಿ, ಹೆಗಲಿನಿಂದ ಸ್ವಲ್ಪ ತಳ್ಳಿ. ಅವರು ಎದುರು ತಳ್ಳಿದಾಗ ಸಂದು ತಾನೇ ತೆರೆಯುತ್ತದೆ.

ಮೊದಲ ಕೆಲವು ವಾರ ವಿರೋಧವೇ ಬೇಡ, ನಿಧಾನವಾಗಿ ಆಡಿ. ‘ಸುಮ್ನೆ ಟೈಂ ವೇಸ್ಟ್’ ಅಂತ ಬೇಗ ಜೋರು ಮಾಡಿದವರು ವರ್ಷವಾದರೂ ತೋಳಿನಲ್ಲೇ ಎಳೆಯುತ್ತಿರುತ್ತಾರೆ.

ತಿರುಗಿಸುವುದು. ಅವರು ಮುಂದಕ್ಕೆ ಒತ್ತಿದಾಗ ಅಥವಾ ಮಂಡಿ ಎತ್ತಿ ಒಂಟಿ ಕಾಲಲ್ಲಿ ನಿಂತಾಗ, ನಿಮ್ಮ ಒಂದು ಕಾಲನ್ನು ಅರ್ಧ ವೃತ್ತದಲ್ಲಿ ಹಿಂದಕ್ಕೆ ತನ್ನಿ. ತಲೆಯನ್ನು ಅದೇ ದಿಕ್ಕಿಗೆ ತಿರುಗಿಸಿ. ಕಾಲು ಮೊದಲು, ಕೈ ಆಮೇಲೆ. ಭಾರ ಎಲ್ಲಿದೆ ಅಂತ ಗೊತ್ತಾದರೆ ಬಲ ಹಾಕುವ ಅಗತ್ಯವೇ ಇಲ್ಲ. ರೀಲ್ಸ್ ನೋಡಿ ಕಲಿತ ಎತ್ತಿ ಒಗೆಯುವ ಪಟ್ಟುಗಳನ್ನು ಈಗಲೇ ಹಾಕಬೇಡಿ. ಜೊತೆಗಾರರ ಮಂಡಿ ಹೋಗುತ್ತದೆ.

ಮಂಡಿ ಏಟು. ಅಭ್ಯಾಸದಲ್ಲಿ ಮಂಡಿಯ ತುದಿಯಿಂದ ಹೊಡೆಯಬೇಡಿ. ತೊಡೆಯ ಒಳಭಾಗದಿಂದ ಪಕ್ಕೆಗೆ ಮೆಲ್ಲಗೆ ತಟ್ಟಿದರೆ ಸಾಕು.

ಕತ್ತಿಗೆ ತೂಕ ನೇತುಹಾಕುವ ಪಟ್ಟಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಹೊಸಬರಿಗೆ ಅದು ಬೇಡವೇ ಬೇಡ. ನಿಮ್ಮದೇ ಅಂಗೈಯನ್ನು ಹಣೆಗೆ, ಹಿಂದಕ್ಕೆ, ಎರಡೂ ಬದಿಗೆ ಒತ್ತಿ, ತಲೆ ಅಲುಗದಂತೆ ಹತ್ತು ಸೆಕೆಂಡು ಹಿಡಿದರೆ ಕತ್ತು ಗಟ್ಟಿಯಾಗುತ್ತದೆ. ಬಿಸಿನೀರಿಗೆ ಹಾಕಿದರೂ ಹಲ್ಲಿಗೆ ಕೂರದ ಅಗ್ಗದ ಮೌತ್‌ಗಾರ್ಡ್‌ಗೂ ದುಡ್ಡು ಹಾಕಬೇಡಿ. ಕ್ಲಿಂಚ್‌ನಲ್ಲಿ ಬಾಯಿ ತೆರೆದ ಕೂಡಲೇ ಬೀಳುತ್ತದೆ. ಆಮೇಲೆ ಉಗುಳದಿರಲಿ ಅಂತ ಉಸಿರೇ ಕಟ್ಟುತ್ತೀರಿ.

ಮೊದಲ ದಿನಗಳಲ್ಲಿ ಬೆಳಗ್ಗೆ ಎದ್ದಾಗ ಕತ್ತು, ಬೆನ್ನಿನ ಮೇಲ್ಭಾಗ ಬಿಗಿದಿರುವುದು ಸಹಜ, ಎರಡು ದಿನದಲ್ಲಿ ಸಡಿಲವಾಗುತ್ತದೆ. ಆದರೆ ಕೈಗೆ ಜೋಮು ಹಿಡಿದರೆ, ತೋಳಿನುದ್ದಕ್ಕೂ ನೋವು ಇಳಿದರೆ ಅಭ್ಯಾಸ ಅಲ್ಲಿಗೇ ನಿಲ್ಲಿಸಿ, ಕೋಚ್‌ಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ.